ರಾಗಕ್ಕೂ ಬಂಡೆಗೂ ಕಥೆಯಲ್ಲೇನು ಕೆಲಸ?

ಪ್ರಶ್ನೆ: ಸಂಗೀತ ಕೇಳುತ್ತ ಬರೆಯುವ ಅಭ್ಯಾಸ ಅನೇಕ ಕಥೆಗಾರರಿಗೆ ಇದೆಯಂತೆ. ಆ ಸಂಗೀತ ನಿಜವಾಗಿಯೂ ಕಥೆಯೊಳಗೆ ಇಳಿಯುತ್ತದೆಯೇ, ಅಥವಾ ಬರೆಯುವವರ ಮನಸ್ಸನ್ನು ಹದಗೊಳಿಸುವುದಷ್ಟೇ ಅದರ ಕೆಲಸವೇ?

ಉತ್ತರ: ಮನಸ್ಸು ಹದಗೊಳ್ಳುವುದು ನಿಜ, ಆದರೆ ಅದರಲ್ಲಿ ಒಂದು ಅಪಾಯವೂ ಇದೆ. ಕಿವಿಯಲ್ಲಿ ಶೋಕದ ರಾಗ ತುಂಬಿರುವಾಗ ಬರೆದ ತೀರ ಸಾಧಾರಣ ವಾಕ್ಯವೂ ಬರೆದವರಿಗೆ ಕರುಣಾಪೂರ್ಣವಾಗಿ ಕಾಣುತ್ತದೆ. ಓದುಗರಿಗೆ ದೊರೆಯುವುದು ಆ ವಾಕ್ಯ ಮಾತ್ರ, ರಾಗವಲ್ಲ. ಹೀಗೆ ಬರೆದ ಪುಟಗಳನ್ನು ನಿಶ್ಶಬ್ದದಲ್ಲಿ ಕುಳಿತು ತಿದ್ದಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಕಥೆಗಾರರು ಸಂಗೀತದಿಂದ ಕಲಿಯಬೇಕಾದದ್ದು ಭಾವಕ್ಕಿಂತ ಹೆಚ್ಚಾಗಿ ಕಾಲದ ನಿರ್ವಹಣೆಯನ್ನು. ವಿಲಂಬಿತದಲ್ಲಿ, ಅಂದರೆ ನಿಧಾನಗತಿಯಲ್ಲಿ, ರಾಗವನ್ನು ಬೆಳೆಸುವ ಗಾಯಕರು ತಾರ ಷಡ್ಜವನ್ನು (ಮೇಲಿನ ಸ್ಥಾಯಿಯ 'ಸ' ಸ್ವರವನ್ನು) ಬಹಳ ಹೊತ್ತು ಮುಟ್ಟದೆ, ಅದರ ಸಮೀಪಕ್ಕೆ ಹೋಗಿ ಮತ್ತೆ ಕೆಳಗಿಳಿದು, ಕೇಳುಗರಲ್ಲಿ ಅದರ ಹಂಬಲವನ್ನು ಹೆಚ್ಚಿಸಿದ ನಂತರವೇ ಅಲ್ಲಿ ನಿಲ್ಲುತ್ತಾರೆ. ಕಥೆಯ ಮುಖ್ಯ ಸತ್ಯವನ್ನು ಎಲ್ಲಿಯವರೆಗೆ ತಡೆಹಿಡಿಯಬೇಕೆಂಬ ಲೆಕ್ಕಾಚಾರವೂ ಇದೇ. ಪಾಶ್ಚಾತ್ಯ ವಾದ್ಯಸಂಗೀತದ ರಚನಾಕ್ರಮವಾದ ಸೊನಾಟಾ ರೂಪದಲ್ಲಿ, ಆರಂಭದಲ್ಲಿ ಬೇರೆ ಶ್ರುತಿಯಲ್ಲಿ ಕೇಳಿಸಿದ ಎರಡನೆಯ ಸ್ವರವಿನ್ಯಾಸವು ಕೊನೆಯ ಭಾಗದಲ್ಲಿ ಮೂಲ ಶ್ರುತಿಗೆ ಬಂದು ಸೇರುತ್ತದೆ. ವಿನ್ಯಾಸ ಹಳೆಯದೇ ಆದರೂ ನಡುವೆ ನಡೆದ ಏರಿಳಿತಗಳನ್ನೆಲ್ಲ ಕೇಳಿ ಬಂದ ಕಿವಿಗೆ ಅದು ಹೊಸದಾಗಿರುತ್ತದೆ. ಮೊದಲ ಅಧ್ಯಾಯದ ಮಾತನ್ನೇ ಕೊನೆಯಲ್ಲಿ ಮತ್ತೊಮ್ಮೆ ಪಾತ್ರದ ಬಾಯಲ್ಲಿ ಆಡಿಸುವವರು ಇದನ್ನು ಗಮನಿಸಬೇಕು. (ನಾಯಕನ ಕೈಗೆ ಒಂದು ಸಿತಾರನ್ನು ಕೊಟ್ಟರೆ ಕಾದಂಬರಿ ಸಂಗೀತಮಯವಾಗುತ್ತದೆಂಬ ನಂಬಿಕೆಯನ್ನು ದಯವಿಟ್ಟು ಬಿಟ್ಟುಬಿಡಿ.)

ಪ್ರಶ್ನೆ: ಪ್ರಾಚೀನ ನೆಲೆಗಳನ್ನು ಕಂಡಾಗ ನನ್ನ ಮನಸ್ಸು ತುಂಬಿ ಬರುತ್ತದೆ. ಬರೆಯಲು ಕುಳಿತರೆ ಮಾತ್ರ ಅದು ಪ್ರವಾಸಿ ಕೈಪಿಡಿಯ ವರ್ಣನೆಯಾಗಿಬಿಡುತ್ತದೆ. ಇದಕ್ಕೆ ಪರಿಹಾರವೇನು?

ಉತ್ತರ: 'ಗತವೈಭವ', 'ಇತಿಹಾಸದ ಮೂಕಸಾಕ್ಷಿ' ಮುಂತಾದ ಮಾತುಗಳು ನೋಡಿದವರ ಬೆರಗನ್ನು ಹೇಳುತ್ತವೆಯೇ ಹೊರತು ನೆಲದ ಬಗ್ಗೆ ಏನನ್ನೂ ಹೇಳುವುದಿಲ್ಲ. ಆ ನೆಲೆಯು ಮನುಷ್ಯರಿಗೆ ಏನನ್ನು ಮಾಡಗೊಡುತ್ತದೆ, ಯಾವುದಕ್ಕೆ ಅಡ್ಡ ನಿಲ್ಲುತ್ತದೆ ಎಂಬ ತಿಳಿವಳಿಕೆ ಕಥೆಗೆ ಬೇಕು.

ಇಂಗ್ಲೆಂಡಿನ ಸ್ಟೋನ್‌ಹೆಂಜ್ ಶಿಲಾವೃತ್ತವನ್ನೇ ನೋಡಿ. ಅದು ಪೂರ್ಣವಾಗಿ ನಿಂತಿದ್ದಾಗ ಹೇಗಿತ್ತೋ ಹಾಗೆ 1:12ರ ಅಳತೆಯ ಮಾದರಿಯೊಂದನ್ನು ಕಟ್ಟಿ ಸ್ಯಾಲ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಧ್ವನಿಪರೀಕ್ಷೆ ನಡೆಸಿದರು. ಫಲಿತಾಂಶ 2020ರಲ್ಲಿ ಪ್ರಕಟವಾಯಿತು. ಮೇಲೆ ಚಾವಣಿಯೇ ಇಲ್ಲದಿದ್ದರೂ ಕಲ್ಲುಗಳಿಂದಾಗಿ ವೃತ್ತದೊಳಗೆ ಮಾತು ಮತ್ತು ವಾದ್ಯದ ಧ್ವನಿಗೆ ಬಲ ಬರುತ್ತಿತ್ತು, ಅನುರಣನ, ಅಂದರೆ ಧ್ವನಿ ನಿಂತ ಮೇಲೂ ಉಳಿಯುವ ಅದರ ಗುಂಗು, ಸುಮಾರು 0.6 ಸೆಕೆಂಡು ಉಳಿಯುತ್ತಿತ್ತು. ಹೊರಗಿದ್ದವರಿಗೆ ಈ ಲಾಭವಿರಲಿಲ್ಲ. ಪುರಾತತ್ತ್ವಜ್ಞರ ವರದಿ ಇಲ್ಲಿಗೆ ಮುಗಿಯಬಹುದು, ಕಥೆಗಾರರ ಕೆಲಸ ಇಲ್ಲಿಂದಲೇ ಮೊದಲಾಗುತ್ತದೆ. ಒಳಗೆ ನಿಲ್ಲುವವರು ಯಾರೆಂದು ತೀರ್ಮಾನಿಸಿದವರು ಯಾರು? ಹೊರಗೆ ನಿಂತು ಅರ್ಧಂಬರ್ಧ ಕೇಳಿಸಿಕೊಂಡವನು ತನ್ನ ಜನರಿಗೆ ಏನೆಂದು ಹೇಳಿದ?

ಇನ್ನೊಂದು ಉದಾಹರಣೆ ನನಗೆ ಇದಕ್ಕಿಂತಲೂ ಪ್ರಿಯವಾದದ್ದು. ನೈರುತ್ಯ ಜರ್ಮನಿಯ ಹೋಲೆ ಫೆಲ್ಸ್ ಗುಹೆಯಲ್ಲಿ 2008ರಲ್ಲಿ ರಣಹದ್ದಿನ ರೆಕ್ಕೆಯ ಮೂಳೆಯಿಂದ ಮಾಡಿದ, ಐದು ಬೆರಳುರಂಧ್ರಗಳಿರುವ ಕೊಳಲೊಂದು ಸಿಕ್ಕಿತು. ಅದರ ವಯಸ್ಸು ಸುಮಾರು 40,000 ವರ್ಷವೆಂದು ಅಂದಾಜು. ಹಕ್ಕಿಯ ಮೂಳೆ ಸ್ವಭಾವತಃ ಟೊಳ್ಳು, ರಂಧ್ರ ಕೊರೆದರೆ ಸಾಕು. ಆದರೆ ಅದೇ ಪ್ರದೇಶದ ಗುಹೆಯೊಂದರಲ್ಲಿ ಈಗ ಅಳಿದುಹೋಗಿರುವ ಮ್ಯಾಮತ್ ಆನೆಯ ದಂತದ ಕೊಳಲೂ ದೊರೆತಿದೆ. ಅದನ್ನು ಮಾಡಲು ದಂತವನ್ನು ಉದ್ದಕ್ಕೆ ಸೀಳಿ, ಎರಡೂ ಹೋಳುಗಳ ಒಳಭಾಗವನ್ನು ಕೊರೆದು, ಗಾಳಿ ಸೋರದಂತೆ ಮತ್ತೆ ಅಂಟಿಸಬೇಕು. ಸುಲಭದ ಮೂಳೆ ಕೈಗೆಟುಕುತ್ತಿದ್ದಾಗ ಒಬ್ಬರು ಇಷ್ಟು ಕಷ್ಟಕ್ಕೆ ಏಕೆ ಇಳಿದರು? ಛಲಕ್ಕೋ, ನಾದಕ್ಕೋ, ಯಾರನ್ನೋ ಮೆಚ್ಚಿಸಲಿಕ್ಕೋ? ಈ ಪ್ರಶ್ನೆಗೆ ನೀವು ಕೊಡುವ ಉತ್ತರದಲ್ಲಿ ಒಂದು ಪಾತ್ರ ಹುಟ್ಟುತ್ತದೆ, ಗುಹೆಯ ವರ್ಣನೆಗೆ ಒಂದು ಸಾಲು ಸಾಕಾಗುತ್ತದೆ.

ಪ್ರಶ್ನೆ: ಕಣ್ಣಾರೆ ಕಾಣದ ನೆಲದ ಬಗ್ಗೆ ಬರೆಯಬಹುದೇ?

ಉತ್ತರ: ಧಾರಾಳವಾಗಿ ಆರಂಭಿಸಬಹುದು. ಸ್ಕಾಟ್ಲೆಂಡಿನ ಹೆಬ್ರಿಡೀಸ್ ದ್ವೀಪಸಮೂಹದ ಸ್ಟಾಫಾ ದ್ವೀಪದಲ್ಲಿರುವ ಬಸಾಲ್ಟ್ (ಲಾವಾ ತಣಿದು ಆದ ಕಪ್ಪು ಕಲ್ಲು) ಗುಹೆಯೊಂದಿಗೆ ಜರ್ಮನ್ ಸಂಗೀತ ರಚನಕಾರ ಮೆಂಡೆಲ್ಸನ್ ಅವರ 'ಹೆಬ್ರಿಡೀಸ್' ಸಂಗೀತಕೃತಿಯ ಹೆಸರು ಬೆಸೆದುಕೊಂಡಿದೆ. ಆದರೆ ಅದರ ಆರಂಭದ ಸ್ವರಗಳನ್ನು ಅವರು ಮನೆಯವರಿಗೆ ಬರೆದು ಕಳುಹಿಸಿದ ಪತ್ರದ ದಿನಾಂಕ 1829ರ ಆಗಸ್ಟ್ 7, ಗುಹೆಯನ್ನು ಕಂಡದ್ದು ಅದರ ಮರುದಿನ. ಸುತ್ತಲಿನ ಕಡಲು ಮತ್ತು ದ್ವೀಪಗಳಷ್ಟೇ ಆ ಸ್ವರಗಳಿಗೆ ಸಾಕಾಗಿದ್ದವು. ಕೃತಿಯನ್ನು ಮುಗಿಸುವುದು ಮಾತ್ರ ಅಷ್ಟು ಸುಲಭವಾಗಲಿಲ್ಲ. ನಡುವಿನ ಭಾಗದಲ್ಲಿ ತಿಮಿಂಗಿಲದೆಣ್ಣೆ, ಕಡಲಹಕ್ಕಿ, ಉಪ್ಪುಮೀನುಗಳಿಗಿಂತ ಸಂಗೀತಶಾಸ್ತ್ರದ ವಾಸನೆಯೇ ಹೆಚ್ಚಾಗಿದೆ ಎಂದು ಅವರು 1832ರಲ್ಲಿ ಗೊಣಗಿ, ಮತ್ತೆ ತಿದ್ದಿದರು. ನಿಮ್ಮ ಕರಡಿನಲ್ಲಿಯೂ ಪುಸ್ತಕದ ವಾಸನೆ ಹೊಡೆಯುವ ಪುಟಗಳಿರುತ್ತವೆ. ಅವನ್ನು ಗುರುತು ಹಾಕಿಟ್ಟುಕೊಳ್ಳಿ. ಆ ನೆಲಕ್ಕೆ ಹೋಗಲು ಸಾಧ್ಯವಾದಾಗ ಗಾಳಿ ಯಾವ ಕಡೆಯಿಂದ ಬೀಸುತ್ತದೆ, ಕೂಗಿದರೆ ಎಷ್ಟು ದೂರ ಕೇಳಿಸುತ್ತದೆ, ಬಂಡೆಯ ನೆರಳು ಯಾವ ಹೊತ್ತಿಗೆ ಎಲ್ಲಿಗೆ ತಲುಪುತ್ತದೆ ಎಂಬಷ್ಟನ್ನು ನೋಡಿಕೊಂಡು ಬಂದು, ಆ ಪುಟಗಳನ್ನು ಮಾತ್ರ ಹೊಸದಾಗಿ ಬರೆಯಿರಿ.