ಏರ್‌ಸಾಫ್ಟ್: ಗಟ್ಟಿ ಸ್ಪ್ರಿಂಗ್ ಬೇಕಾ? ವಾಕಿಟಾಕಿ ಯಾವುದು?

ಮಂಡ್ಯದ ಹತ್ತಿರ ತೋಟದಲ್ಲಿ ಏರ್‌ಸಾಫ್ಟ್ (ಪ್ಲಾಸ್ಟಿಕ್ ಗುಂಡು ಹಾರಿಸುವ ಆಟದ ಗನ್) ಆಡುವಾಗ ಗುಂಡು ದೂರ ಹೋಗುವುದಿಲ್ಲ, ಗನ್‌ಗೆ ಗಟ್ಟಿ ಸ್ಪ್ರಿಂಗ್ ಹಾಕಿಸಲಾ, ವಾಕಿಟಾಕಿ ಯಾವುದು ಕೊಳ್ಳಲಿ ಎಂದು ಕೇಳಿದ್ದೀರಿ.

ಬೇಡ. ಮೊದಲು ಹಾಪ್-ಅಪ್ ಸರಿಮಾಡಿ. ಹಾಪ್-ಅಪ್ ಅಂದರೆ ಬ್ಯಾರೆಲ್ ಬುಡದಲ್ಲಿರುವ ಪುಟ್ಟ ರಬ್ಬರ್; ಅದು ಗುಂಡನ್ನು ಹಿಂದಕ್ಕೆ ಸುತ್ತುವಂತೆ ಮಾಡುತ್ತದೆ. ಆ ಸುತ್ತೇ ಅದನ್ನು ಗಾಳಿಯಲ್ಲಿ ಎತ್ತಿ ಹಿಡಿಯುವುದು. 0.20 ಗ್ರಾಂ ಗುಂಡು ಬಿಟ್ಟು 0.28 ಹಾಕಿ. ವೇಗ ಕಮ್ಮಿಯಾಗುತ್ತದೆ, ಆದರೆ ಗಾಳಿಗೆ ಅಷ್ಟು ವಾಲುವುದಿಲ್ಲ. ನೇರ ಹಿಡಿದು ಹೊಡೆಯುತ್ತಾ ಹಾಪ್ ಸ್ವಲ್ಪ ಸ್ವಲ್ಪವೇ ಏರಿಸಿ. ಕೊನೆಯಲ್ಲಿ ಗುಂಡು ಮೇಲಕ್ಕೆ ಎದ್ದರೆ ಜಾಸ್ತಿಯಾಯಿತು ಅಂತ ಅರ್ಥ. ಬ್ಯಾರೆಲ್ ಒಳಗಿನ ಎಣ್ಣೆ, ಧೂಳು ಒರೆಸಿ. ಎಷ್ಟೋ ಸಲ ತೊಂದರೆ ಅದೇ.

ಗಟ್ಟಿ ಸ್ಪ್ರಿಂಗ್ ಗೇರ್ ಸವೆಸುತ್ತದೆ, ಎದುರಿನವರಿಗೆ ಪೆಟ್ಟೂ ಜೋರು. 0.20 ಗ್ರಾಂ ಗುಂಡು ಸೆಕೆಂಡಿಗೆ 100 ಮೀಟರ್ ಹೋದರೆ ಅದರ ಶಕ್ತಿ 1 ಜೂಲ್. ಹತ್ತಿರದಿಂದ ಆಡುವವರಿಗೆ ಅಷ್ಟು ಧಾರಾಳ ಸಾಕು. ಕಣ್ಣಿಗೆ ಪೂರ್ತಿ ಮುಚ್ಚುವ ಗಾಗಲ್ ಇಲ್ಲದೆ ಯಾರನ್ನೂ ಆಟಕ್ಕೆ ಬಿಡಬೇಡಿ, ದಯವಿಟ್ಟು.

ವಾಕಿಟಾಕಿ 446.0–446.2 ಮೆಗಾಹರ್ಟ್ಸ್‌ನ, ಲೈಸೆನ್ಸ್ ಬೇಡದ ಕಮ್ಮಿ ಪವರ್ ಸೆಟ್ ತೆಗೆದುಕೊಳ್ಳಿ. ಎಲ್ಲಾ ಫ್ರೀಕ್ವೆನ್ಸಿ ಹಿಡಿಯುವ ಅಗ್ಗದ ಸೆಟ್ ಸುಮ್ನೆ ತೊಂದರೆ. ಹಸಿ ಕಬ್ಬಿನ ಗದ್ದೆ ಸಿಗ್ನಲ್ ನುಂಗುತ್ತದೆ. ಹಾಗಾಗಿ ಆಂಟೆನಾ ನೆಟ್ಟಗಿರಲಿ, ಬದುವಿನ ಮೇಲೆ ನಿಂತು ಮಾತಾಡಿ.

ಇನ್ನೊಂದು: 2016ರ ಶಸ್ತ್ರ ನಿಯಮಗಳು ಲೈಸೆನ್ಸ್ ಬೇಡದ ಏರ್‌ಗನ್‌ಗೆ 4.5 ಮಿಮೀ ಬೋರ್ (ಬ್ಯಾರೆಲ್ ಒಳಗಿನ ಅಗಲ), 20 ಜೂಲ್ ಎಂಬ ಮಿತಿ ಇಟ್ಟಿವೆ. ಏರ್‌ಸಾಫ್ಟ್ ಗುಂಡು ಸಾಮಾನ್ಯವಾಗಿ 6 ಮಿಮೀ. ಹೊಸ ಗನ್ ಕೊಳ್ಳುವ ಮುಂಚೆ ಪೊಲೀಸ್ ಠಾಣೆಯಲ್ಲಿ ವಿಚಾರಿಸಿ.