ಓದುಗರ ಪ್ರಶ್ನೆ: ‘ನೆವರ್‌ಮೈಂಡ್’ ನಿಜಕ್ಕೂ ಅಷ್ಟು ದೊಡ್ಡ ಆಲ್ಬಮ್ಮೇ?

ಪ್ರಶ್ನೆ: ಕಳೆದ ಸಂಚಿಕೆಯಲ್ಲಿ ಅಮೆರಿಕದ ನಿರ್ವಾಣ ರಾಕ್ ತಂಡದ ‘ಇನ್ ಯೂಟೆರೊ’ವನ್ನು ಅದೇ ತಂಡದ ‘ನೆವರ್‌ಮೈಂಡ್’ಗಿಂತ ಮೇಲಿಟ್ಟು ಬರೆದಿದ್ದೀರಿ. ಆಲ್ಟರ್ನೇಟಿವ್ ರಾಕ್ ಕೇಳುವವರೆಲ್ಲ ತಲೆಯ ಮೇಲೆ ಹೊತ್ತುಕೊಂಡಿರುವ ಆಲ್ಬಮನ್ನು ಹೀಗೆ ಕೆಳಗಿಳಿಸುವುದು ಬರೀ ವಿತಂಡವಾದವಲ್ಲವೇ?
– ಓದುಗರೊಬ್ಬರು, ಧಾರವಾಡ

ಉತ್ತರ: ಯಥಾರ್ಥವಾದಿ ಲೋಕವಿರೋಧಿ ಎಂಬ ಮಾತಿದೆ, ಆ ಪಟ್ಟ ನನಗೆ ಹೊಸದಲ್ಲ. ‘ನೆವರ್‌ಮೈಂಡ್’ ಕೆಟ್ಟ ಆಲ್ಬಮ್ ಎಂದು ನಾನು ಎಲ್ಲಿಯೂ ಬರೆದಿಲ್ಲ. 1991ರ ಸೆಪ್ಟೆಂಬರ್‌ನಲ್ಲಿ ಹೊರಬಂದು, ಮರುವರ್ಷದ ಜನವರಿಯಲ್ಲಿ ಮೈಕೆಲ್ ಜಾಕ್ಸನ್ ಅವರ ‘ಡೇಂಜರಸ್’ ಅನ್ನು ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನದಿಂದ ಇಳಿಸಿದ ಆ ಹಾಡುಗಳಲ್ಲಿ ಕಸುವಿದೆ. ನನ್ನ ತಕರಾರು ಹಾಡುಗಳ ಬಗ್ಗೆ ಅಲ್ಲ, ಅವುಗಳಿಗೆ ಬಳಿದ ಮೆರುಗಿನ ಬಗ್ಗೆ. ಒಂದೇ ಸಾಲನ್ನು ಎರಡು ಸಲ ಹಾಡಿ ಒಂದರ ಮೇಲೊಂದು ಕೂರಿಸುವುದಕ್ಕೆ ತಂಡದ ಗಾಯಕ ಕರ್ಟ್ ಕೊಬೇನ್ ಒಪ್ಪದಿದ್ದಾಗ, ಜಾನ್ ಲೆನನ್ ಕೂಡ ಹಾಗೆಯೇ ಮಾಡುತ್ತಿದ್ದರು ಎಂದು ಹೇಳಿ ಆಲ್ಬಮ್ಮಿನ ನಿರ್ಮಾಪಕ ಬುಚ್ ವಿಗ್ ಕೊಬೇನ್ ಅವರನ್ನು ಒಪ್ಪಿಸಿದರು. ಆಮೇಲೆ ಆಂಡಿ ವಾಲೇಸ್ ಅವರ ಮಿಕ್ಸಿಂಗ್ (ಬೇರೆ ಬೇರೆಯಾಗಿ ಮುದ್ರಿಸಿದ ದನಿಗಳನ್ನು ಹದವಾಗಿ ಬೆರೆಸುವ ಕೆಲಸ) ಉಳಿದ ಒರಟನ್ನೂ ಉಜ್ಜಿ ನಯಗೊಳಿಸಿತು. ಈ ಸದ್ದು ಒರಟು ಪಂಕ್ ರೆಕಾರ್ಡಿಗಿಂತ ಮಾಟ್ಲಿ ಕ್ರೂ ಎಂಬ ಥಳಕಿನ ಮೆಟಲ್ ತಂಡದ ರೆಕಾರ್ಡಿಗೇ ಹತ್ತಿರವಾಗಿದೆ ಎಂದು ಮುಂದೆ ಸ್ವತಃ ಕೊಬೇನ್ ಅವರೇ ಗೊಣಗಿದರು. ವಿತಂಡವಾದ ಎನ್ನುವುದಾದರೆ ಅದರಲ್ಲಿ ಅವರಿಗೂ ಪಾಲಿದೆ.

‘ಇನ್ ಯೂಟೆರೊ’ ಧ್ವನಿಮುದ್ರಣವಾದದ್ದು 1993ರ ಫೆಬ್ರುವರಿಯಲ್ಲಿ, ಮಿನೆಸೋಟಾದ ಪ್ಯಾಕಿಡರ್ಮ್ ಸ್ಟುಡಿಯೋದಲ್ಲಿ, ಧ್ವನಿಮುದ್ರಕ ಸ್ಟೀವ್ ಆಲ್ಬಿನಿ ಅವರ ಕೈಯಲ್ಲಿ. ತಂಡದ ದುಡಿಮೆಯಲ್ಲಿ ಪಾಲು ಕೇಳುವುದು ತಪ್ಪೆಂದು ನಂಬಿದ್ದ ಆಲ್ಬಿನಿ ರಾಯಲ್ಟಿ ಬೇಡವೆಂದು, ಕೆಲಸಕ್ಕೆ ಇಂತಿಷ್ಟು ಎಂಬ ಕೂಲಿಯನ್ನಷ್ಟೇ ತೆಗೆದುಕೊಂಡರು. ‘ಸೆಂಟ್‌ಲೆಸ್ ಅಪ್ರೆಂಟಿಸ್’ ಹಾಡನ್ನು ಒಳ್ಳೆಯ ಹೆಡ್‌ಫೋನಿನಲ್ಲಿ ಕೇಳಿ ನೋಡಿ: ಮೊದಲು ಡೇವ್ ಗ್ರೋಲ್ ಅವರ ಡ್ರಮ್ಸ್ ಒಂದೇ ಮೊಳಗುತ್ತದೆ, ಮತ್ತು ಪ್ರತಿ ಪೆಟ್ಟಿನ ಹಿಂದೆ ಆ ಕೋಣೆಯ ಗೋಡೆಗಳು ಎಷ್ಟು ದೂರದಲ್ಲಿವೆ ಎಂಬುದು ಕಿವಿಗೇ ತಿಳಿಯುತ್ತದೆ. ನಿರ್ವಾಣ ಎಂದರೆ ನಮ್ಮಲ್ಲಿ ಬತ್ತಲೆ ಎಂದೂ ಅರ್ಥವಿದೆಯಲ್ಲ, ಆ ಅರ್ಥಕ್ಕೆ ಒಪ್ಪುವ ಆಲ್ಬಮ್ ಇದು. ಹಾಗೆಂದು ಎಲ್ಲವೂ ಚಿನ್ನವಲ್ಲ. ‘ಟೂರೆಟ್ಸ್’ ಜಾಗ ತುಂಬಲು ಹಾಕಿದ ಹಾಡು. ನನ್ನ ವಾದಕ್ಕೆ ಅಡ್ಡ ಬರುವ ಸಂಗತಿಯನ್ನೂ ಮುಚ್ಚಿಡಲಾರೆ: ‘ಹಾರ್ಟ್ ಶೇಪ್ಡ್ ಬಾಕ್ಸ್’ ಮತ್ತು ‘ಆಲ್ ಅಪಾಲಜೀಸ್’ ಹಾಡುಗಳನ್ನು ಕೊನೆಗೆ ಸ್ಕಾಟ್ ಲಿಟ್ ಎಂಬ ಬೇರೊಬ್ಬ ನಿರ್ಮಾಪಕರು ಮತ್ತೆ ಮಿಕ್ಸ್ ಮಾಡಿದರು, ಅವೆರಡೂ ಸೊಗಸಾಗಿಯೇ ಇವೆ.

ಪ್ರಶ್ನೆ: ಈ ಬಗೆಯ ಸಂಗೀತಕ್ಕೆ ನಾನು ಹೊಸಬಳು. ಎಲ್ಲಿಂದ ಶುರು ಮಾಡಲಿ?
– ಓದುಗರೊಬ್ಬರು, ಮಂಗಳೂರು

ಉತ್ತರ: ಬಾಸ್ಟನ್ನಿನ ಪಿಕ್ಸೀಸ್ ತಂಡದಿಂದ. ಮೆಲ್ಲಗೆ ಹಾಡಿ ಒಮ್ಮೆಲೇ ಅಬ್ಬರಿಸುವ ಪಟ್ಟನ್ನು ತಾನು ಕದ್ದದ್ದು ಅವರಿಂದಲೇ ಎಂದು ಕೊಬೇನ್ ಒಪ್ಪಿಕೊಂಡಿದ್ದಾರೆ, ಹಾಗಾಗಿ ಸಾಲ ಪಡೆದವನಿಗಿಂತ ಮೊದಲು ಕೊಟ್ಟವರನ್ನು ಕೇಳುವುದು ಲೇಸು. 1988ರ ‘ಸರ್ಫರ್ ರೋಸಾ’ವನ್ನು ಮುದ್ರಿಸಿದವರು ಇದೇ ಆಲ್ಬಿನಿ, ಸ್ಟುಡಿಯೋದ ಕೃತಕ ಪ್ರತಿಧ್ವನಿ ರುಚಿಸದೆ, ತಂಡದ ಬಾಸ್ ವಾದಕಿ, ಗಾಯಕಿ ಕಿಮ್ ಡೀಲ್ ಅವರ ದನಿಗಾಗಿ ಸಲಕರಣೆಗಳನ್ನು ಬಚ್ಚಲುಮನೆಗೆ ಸಾಗಿಸಿದ್ದರು. ಸ್ನಾನ ಮಾಡುತ್ತ ಹಾಡುವವರಿಗೆಲ್ಲ ಗೊತ್ತಿರುವ ವಿದ್ಯೆ ಅದು. ನನಗೆ ಅದು ಬಹಳ ಇಷ್ಟದ ಆಲ್ಬಮ್ಮಾದರೂ ಹೊಸಬರಿಗೆ ಮರುವರ್ಷದ ‘ಡೂಲಿಟಲ್’ ವಾಸಿ. ಅದರ ಅಂಚುಗಳು ಅಷ್ಟು ಕೊಯ್ಯುವುದಿಲ್ಲ.

ಪ್ರಶ್ನೆ: ಸ್ಮ್ಯಾಶಿಂಗ್ ಪಂಪ್ಕಿನ್ಸ್ ತಂಡದ ‘ಮೆಲನ್ ಕಾಲಿ’ ಬಗ್ಗೆ ಒಂದು ಮಾತು?
– ಓದುಗರೊಬ್ಬರು, ಹಾಸನ

ಉತ್ತರ: ಉದ್ದವಾಯಿತು. 1995ರಲ್ಲಿ ಬಂದ ಎರಡು ಸಿಡಿ, 28 ಹಾಡು, ಎರಡು ಗಂಟೆಗೂ ಮೀರಿದ ಹೊತ್ತು; ಅದರಲ್ಲಿ ಹನ್ನೆರಡು ಹಾಡು ಆರಿಸಿಕೊಂಡು ಉಳಿದವನ್ನು ಬಿಟ್ಟಿದ್ದರೆ ಸಾಟಿಯಿಲ್ಲದ ಒಂದು ಸಿಡಿಯಾಗುತ್ತಿತ್ತು. ‘1979’ ಮತ್ತು ‘ಟುನೈಟ್, ಟುನೈಟ್’ ಕೇಳಿ, ಆಮೇಲೆ 1993ರ ‘ಸಯಾಮೀಸ್ ಡ್ರೀಮ್’ಗೆ ಹೋಗಿ.

ಪ್ರಶ್ನೆ: ರೇಡಿಯೋಹೆಡ್ ತಂಡದ ‘ಕಿಡ್ ಎ’ಯನ್ನು ಐದಾರು ಸಲ ಕೇಳಿದೆ, ಹತ್ತಲಿಲ್ಲ. ದೋಷ ನನ್ನ ಕಿವಿಯದೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಅರ್ಧ ಮಾತ್ರ. 1997ರ ‘ಓಕೆ ಕಂಪ್ಯೂಟರ್’ನಲ್ಲಿ ಮೂರು ಗಿಟಾರುಗಳ ಹೆಣಿಗೆಗೆ ಒಗ್ಗಿದ್ದವರಿಗೆ, 2000ದಲ್ಲಿ ಕೀಬೋರ್ಡನ್ನೂ, ಗಾಯಕ ಥಾಮ್ ಯಾರ್ಕ್ ಅವರ ತುಂಡು ತುಂಡಾಗಿ ಕತ್ತರಿಸಿದ ದನಿಯನ್ನೂ ಮುಂದಿಟ್ಟರೆ ಗಲಿಬಿಲಿಯಾಗುವುದು ಸಹಜ. ನಾಲ್ಕನೆಯ ಹಾಡಾದ ‘ಹೌ ಟು ಡಿಸಪಿಯರ್ ಕಂಪ್ಲೀಟ್ಲಿ’ಯಿಂದ ಶುರು ಮಾಡಿ, ಅಲ್ಲಿ ಅಕೌಸ್ಟಿಕ್ ಗಿಟಾರ್ ನಿಮ್ಮ ಕೈ ಹಿಡಿಯುತ್ತದೆ, ಅದರ ಹಿಂದಿನಿಂದ ತಂತಿವಾದ್ಯಗಳು ನೆರೆಯಂತೆ ಏರುತ್ತವೆ. ಅದರ ಮುಂದಿನ ‘ಟ್ರೀಫಿಂಗರ್ಸ್’ ಬಂದಾಗ ನಾನು ಕಾಫಿ ಬೆರೆಸಿಕೊಳ್ಳಲು ಅಡುಗೆಮನೆಗೆ ಹೋಗುತ್ತೇನೆ, ನೀವೂ ಹೋಗಬಹುದು.

ಪ್ರಶ್ನೆ: ಮೈ ಬ್ಲಡಿ ವ್ಯಾಲೆಂಟೈನ್ ತಂಡದ ‘ಲವ್‌ಲೆಸ್’ ಬರೀ ಗದ್ದಲ ಎಂದು ಹಿಂದೊಮ್ಮೆ ಬರೆದಿದ್ದಿರಿ. ಈಗಲೂ ಅದೇ ಅಭಿಪ್ರಾಯವೇ?
– ಓದುಗರೊಬ್ಬರು, ಮೈಸೂರು

ಉತ್ತರ: ಇಲ್ಲ, ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಅದಕ್ಕೊಂದು ಹಿನ್ನೆಲೆಯಿದೆ. ನಾನು ಮೊದಲು ಕೇಳಿದ್ದು ಹಾಸ್ಟೆಲಿನ ದಿನಗಳಲ್ಲಿ, ಗೆಳೆಯನೊಬ್ಬ ತನ್ನಣ್ಣನ ಸಿಡಿಯಿಂದ ಕ್ಯಾಸೆಟ್ಟಿಗೆ ಇಳಿಸಿಕೊಟ್ಟಾಗ. ನಾಲ್ಕು ಡ್ರಮ್ ಪೆಟ್ಟುಗಳಾದ ಮೇಲೆ ನುಗ್ಗಿದ ಗಿಟಾರು ಸ್ವರದಲ್ಲಿ ನಿಲ್ಲದೆ, ಬಿಸಿಲಿಗೆ ಎಳೆದುಕೊಂಡ ಟೇಪಿನಂತೆ ತೇಲಿ ಮುಳುಗುತ್ತಿತ್ತು. ನಾನು ಪೆನ್ಸಿಲ್ ತೂರಿಸಿ ರೀಲು ಬಿಗಿ ಮಾಡಿದೆ, ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಹೆಡ್ ಒರೆಸಿದೆ, ಕೊನೆಗೆ ಗೆಳೆಯನ ಡೆಕ್ಕನ್ನೇ ಬೈದೆ. ತಂಡದ ಗಿಟಾರ್ ವಾದಕ ಕೆವಿನ್ ಶೀಲ್ಡ್ಸ್ ಅವರು ಗಿಟಾರಿನ ಸ್ವರವನ್ನು ಏರಿಳಿಸುವ ಟ್ರೆಮೊಲೊ ಕಡ್ಡಿಯನ್ನು ಹಿಡಿದುಕೊಂಡೇ ತಂತಿ ಮೀಟುತ್ತಾರೆಂದೂ, ಆ ಓಲಾಟ ಬೇಕೆಂದೇ ಮಾಡಿದ್ದೆಂದೂ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಸುಮಾರು ಎರಡು ವರ್ಷ, 19 ಸ್ಟುಡಿಯೋಗಳನ್ನು ಅಲೆದು 1991ರ ನವೆಂಬರ್‌ನಲ್ಲಿ ಬಿಡುಗಡೆಯಾದ ಆಲ್ಬಮ್ ಅದು. ಗಾಯಕಿ ಬಿಲಿಂಡಾ ಬುಚರ್ ಅವರ ದನಿ ನಿದ್ದೆಗಣ್ಣಿನಲ್ಲಿದ್ದಂತೆ ಕೇಳಿಸುವುದಕ್ಕೆ ಕಾರಣವೂ ಸರಳ: ಬೆಳಗ್ಗೆ ಅವರನ್ನು ನಿಜಕ್ಕೂ ನಿದ್ದೆಯಿಂದ ಎಬ್ಬಿಸಿ ಹಾಡಿಸುತ್ತಿದ್ದರು.

ನಡುವಿನ ಒಂದೆರಡು ಹಾಡುಗಳು ಒಂದರೊಳಗೊಂದು ಕಲಸಿಹೋಗುತ್ತವೆ ಎಂಬ ಮಾತನ್ನು ಮಾತ್ರ ಬಿಟ್ಟುಕೊಡಲಾರೆ. ಆ ಡೆಕ್ಕಿನ ಗೆಳೆಯ ಈ ಅಂಕಣವನ್ನು ಓದುತ್ತಾನೆ. ಅವನ ಕ್ಷಮೆಯನ್ನೂ ಇಲ್ಲಿಯೇ ಕೇಳಿಬಿಡುತ್ತೇನೆ.