ಊರವರೇ ಸಮುದ್ರ ಕಾಯುತ್ತಾರೆ ಅಂತಾರಲ್ಲ, ನಿಜವಾಗಿ ಕಾಯುವವರು ಯಾರು?

ನೀವು ಕೇಳಿದ್ದು ಇಷ್ಟು: ‘ಕೊಪ್ಪಳದಲ್ಲಿ ಡಿಗ್ರಿ ಓದುತ್ತಿದ್ದೇನೆ. ಕರಾವಳಿಯ ಹಳ್ಳಿಗಳಲ್ಲಿ ಜನರೇ ಸೇರಿ ಸಮುದ್ರ, ಮೀನು, ಆಮೆ ಕಾಯುವ ಯೋಜನೆಗಳಿವೆಯಂತೆ. ಅವುಗಳ ಹಿಂದೆ ಇರುವವರು ಯಾರು? ವಿಜ್ಞಾನಿಗಳಾ, ಸಂಸ್ಥೆಯವರಾ, ಮೀನುಗಾರರಾ? ನಮ್ಮ ಕಡೆಯವರಿಗೆ ಅಲ್ಲಿ ಏನಾದರೂ ಕೆಲಸ ಇದೆಯಾ?’

ನಾನಿರೋದು ಮುನಿರಾಬಾದ್ ಹತ್ತಿರ. ತುಂಗಭದ್ರಾ ಹಿನ್ನೀರಿನ ಒಂದು ಮೀನುಗಾರರ ಸೊಸೈಟಿಯ ಲೆಕ್ಕ ಬರೆಯುತ್ತೇನೆ. ಸಮುದ್ರದ ವಿಷಯದಲ್ಲಿ ಪಂಡಿತ ಅಲ್ಲ. ಆದರೆ ನೀರು ನಂಬಿ ಬದುಕುವವರು ನಿಯಮ ಮಾಡಿಕೊಳ್ಳೋದು, ಮುರಿಯೋದು, ಜಗಳ ಆಡೋದು, ಮತ್ತೆ ಒಂದೇ ಚಾಪೆ ಮೇಲೆ ಕೂತು ಚಹಾ ಕುಡಿಯೋದು ಇದನ್ನೆಲ್ಲ ದಿನಾ ನೋಡುತ್ತೇನೆ. ಹಾಗಾಗಿ ಕರಾವಳಿಯ ಸುದ್ದಿ ಓದುವಾಗಲೂ ನನ್ನ ಗಮನ ಅಂಥ ಕಡೆಗೇ ಹೋಗುತ್ತದೆ.

ನೀವು ಹೇಳಿದ ಮೂರೂ ಥರದ ಜನ ಇರುತ್ತಾರೆ. ಆದರೆ ಯೋಜನೆ ಯಾರದ್ದು ಅಂತ ತಿಳಿಯಬೇಕಾದರೆ ನಾನು ಒಂದೇ ಪ್ರಶ್ನೆ ಕೇಳುತ್ತೇನೆ. ನಿಯಮ ಮುರಿದವನು ಸ್ವಂತ ಅಳಿಯನೇ ಆದರೆ ದಂಡ ಹಾಕುವವರು ಯಾರು?

ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ವೇಳಾಸ್ ಹಳ್ಳಿ ನೋಡಿ. ಅಲ್ಲಿ ಆಲಿವ್ ರಿಡ್ಲೆ ಆಮೆಗಳು ದಡಕ್ಕೆ ಬಂದು ಮೊಟ್ಟೆ ಇಡುತ್ತವೆ, ಒಂದೊಂದು ಸಲಕ್ಕೆ ನೂರರ ಆಸುಪಾಸು. ಮೊದಲು ಆ ಮೊಟ್ಟೆ ಕದ್ದು ಮಾರುವವರಿದ್ದರು. 2002ರ ಸುಮಾರಿಗೆ ಚಿಪ್ಳೂಣದ ಸಹ್ಯಾದ್ರಿ ನಿಸರ್ಗ ಮಿತ್ರ ಸಂಸ್ಥೆಯ ಭಾವೂ ಕಾಟದರೆ ಮತ್ತು ಜೊತೆಗಾರರು ಅಲ್ಲಿ ಕೆಲಸ ಶುರು ಮಾಡಿದರು. ಹೆಸರು ಅವರದ್ದೇ ಕೇಳಿಬರುತ್ತದೆ, ಬರಬೇಕಾದ್ದೇ. ಆದರೆ ಬೆಳಗಿನ ಜಾವ ಎದ್ದು ಮರಳಿನ ಮೇಲೆ ಆಮೆ ಹರಿದಾಡಿದ ಗುರುತು ಹುಡುಕುತ್ತಾ ನಡೆಯೋದು ಊರಿನ ಹುಡುಗರು. ಗುರುತು ಸಿಕ್ಕರೆ ಮೆಲ್ಲಗೆ ಕೈಯಲ್ಲೇ ಮರಳು ಬಗೆಯಬೇಕು. ಮೊಟ್ಟೆ ಎತ್ತಿ ಬೇಲಿ ಹಾಕಿದ ಜಾಗದಲ್ಲಿ ಅಷ್ಟೇ ಆಳದ ಗುಂಡಿ ತೆಗೆದು ಇಡಬೇಕು. ಮರಿ ಹೊರಗೆ ಬರೋಕೆ ಒಂದೂವರೆ ತಿಂಗಳಿಗಿಂತ ಜಾಸ್ತಿ ಹಿಡಿಯುತ್ತದೆ. ಅಲ್ಲಿಯವರೆಗೂ ನಾಯಿ ನರಿ ಬಾರದ ಹಾಗೆ ಕಾಯಬೇಕು. 2006ರಿಂದ ಆಮೆ ಹಬ್ಬ ಅಂತ ಶುರುವಾಗಿ ಹೊರಗಿನವರು ನೋಡೋಕೆ ಬರತೊಡಗಿದರು. ಅವರು ಉಳಿಯೋದು, ಉಣ್ಣೋದು ಊರವರ ಮನೆಗಳಲ್ಲೇ. ಆಮೆಯಿಂದ ಅಡುಗೆಮನೆಗೆ ನಾಲ್ಕು ಕಾಸು ಬರುತ್ತೆ ಅಂದಮೇಲೆ ಕಾಯೋಕೆ ಜನರನ್ನು ಹುಡುಕಬೇಕಾಗಿಲ್ಲ ಅಲ್ವಾ.

ಎಲ್ಲಾ ಕಡೆ ಲೆಕ್ಕ ಹೀಗೆ ಕೂಡಿಬರೋದಿಲ್ಲ. ಒಡಿಶಾದ ಋಷಿಕುಲ್ಯಾ ನದಿ ಸಮುದ್ರ ಸೇರುವ ಕಡೆ ಆಮೆಗಳು ಸಾವಿರ ಸಾವಿರ ಒಟ್ಟಿಗೆ ಬರುತ್ತವೆ. ಹೊರಗಿನ ಸಂಶೋಧಕರು ಇದನ್ನು ದಾಖಲೆ ಮಾಡಿದ್ದು 1994ರಲ್ಲಿ. ಪುರುಣಬಂಧ, ಗೋಖರ್‌ಕುಡ, ಪೊಡಂಪೇಟ ಹಳ್ಳಿಗಳ ಯುವಕರು ಅಲ್ಲಿ ಕಾವಲಿಗಿದ್ದಾರೆ. ರಸ್ತೆ, ಊರಿನ ದೀಪ ಕಂಡು ದಾರಿ ತಪ್ಪಿದ ಮರಿಗಳನ್ನು ಬುಟ್ಟಿಯಲ್ಲಿ ತುಂಬಿ ಸಮುದ್ರಕ್ಕೆ ಬಿಡುತ್ತಾರೆ. ಅದೇ ಹೊತ್ತಿಗೆ ಆ ನದಿಮುಖದ ಸಮುದ್ರದಲ್ಲಿ ನವೆಂಬರ್ 1ರಿಂದ ಮೇ 31ರವರೆಗೆ ಮೀನುಗಾರಿಕೆಗೆ ನಿಷೇಧ. ಏಳು ತಿಂಗಳು! ನಮ್ಮ ಕರ್ನಾಟಕದ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ಜೂನ್, ಜುಲೈ ಸೇರಿ 61 ದಿನ ರಜೆ ಅಂದರೇ ಎಷ್ಟು ಗೋಳಾಡುತ್ತಾರೆ. ಬೋಟ್ ಮಾಲೀಕನಿಗೆ ಬೇರೆ ದಾರಿ ಇರಬಹುದು. ಬೋಟಿನಲ್ಲಿ ಕೂಲಿಗೆ ಹೋಗುವವನಿಗೆ? ಯೋಜನೆಯ ಹಿಂದೆ ಯಾರಿದ್ದಾರೆ ಅಂತ ಬರೆಯುವಾಗ ಅವನನ್ನೂ ಸೇರಿಸಬೇಕು ಅನ್ನೋದು ನನ್ನ ವಾದ. ಅವನು ಸಹಿ ಹಾಕಿಲ್ಲ, ಸಭೆಗೂ ಬಂದಿಲ್ಲ. ಖರ್ಚು ಮಾತ್ರ ಅವನ ಮನೆಯದ್ದು.

ವಿಜ್ಞಾನಿಗಳನ್ನು ಸುಮ್ನೆ ಬದಿಗೆ ತಳ್ಳೋದೂ ಸರಿಯಲ್ಲ. ಫಿಜಿಯ ಉಕುನಿವಾನುವಾ ಹಳ್ಳಿಯಲ್ಲಿ ಒಂಥರಾ ಚಿಪ್ಪುಮೀನು ಕಡಿಮೆಯಾಗುತ್ತಾ ಬಂದಿತ್ತು. 1997ರಲ್ಲಿ ಊರವರು 24 ಹೆಕ್ಟೇರ್ ಕೆಸರು ದಡವನ್ನು ಮೂರು ವರ್ಷ ಮುಟ್ಟೋದಿಲ್ಲ ಅಂತ ತೀರ್ಮಾನ ಮಾಡಿದರು. ವಿಶ್ವವಿದ್ಯಾಲಯದವರು ಬಂದರು, ಆದರೆ ಎಣಿಕೆ ತಾವೇ ಮಾಡಿಕೊಂಡು ಹೋಗಲಿಲ್ಲ. ಊರಿನ 20 ಜನರಿಗೆ ಕಲಿಸಿದರು. ಹಗ್ಗ ಕಟ್ಟಿ, ಗೆರೆ ಹಿಡಿದು, ಮಂಡಿಯೂರಿ ಕೆಸರಲ್ಲಿ ಚಿಪ್ಪು ಎಣಿಸೋದು, ಅಳೆಯೋದು ಊರವರದ್ದೇ ಕೆಲಸ ಆಯಿತು. ಕಾದ ಜಾಗದಲ್ಲಿ ಚಿಪ್ಪು ಹೆಚ್ಚಿತು, ಪಕ್ಕದ ಜಾಗದಲ್ಲೂ ಹೆಚ್ಚಿತು. ಬೇರೆಯವರು ಎಣಿಸಿ ಹೇಳಿದ್ದರೆ ಅರ್ಧ ಊರು ನಂಬುತ್ತಿರಲಿಲ್ಲ, ಇದು ಲೆಕ್ಕ ಬರೆಯುವವನ ಅನುಭವದಿಂದ ಹೇಳುತ್ತಿದ್ದೇನೆ. ಮುಂದೆ ಫಿಜಿಯ ಇಂಥ ಊರುಗಳ ಜಾಲಕ್ಕೆ 2002ರಲ್ಲಿ ಈಕ್ವೇಟರ್ ಪ್ರಶಸ್ತಿ ಸಿಕ್ಕಿತು, ಪರಿಸರ ಕಾಯುವ ಊರವರ ಕೆಲಸಕ್ಕೆ ವಿಶ್ವಸಂಸ್ಥೆಯ ಕಡೆಯಿಂದ ಕೊಡುವ ಪ್ರಶಸ್ತಿ ಅದು.

ಮಡಗಾಸ್ಕರ್‌ನ ಅಂದವಾಡೋಕಾದಲ್ಲಿ 2004ರಲ್ಲಿ ಆಕ್ಟೋಪಸ್ ಹಿಡಿಯುವ ಒಂದು ಜಾಗವನ್ನು ಕೆಲವು ತಿಂಗಳು ಮುಚ್ಚಿದರು. ಬ್ಲೂ ವೆಂಚರ್ಸ್ ಅನ್ನೋ ಸಂಸ್ಥೆ ಜೊತೆಗಿತ್ತು. ನೀರು ಇಳಿದಾಗ ಬಂಡೆಗಳ ಮೇಲೆ ನಡೆದು ಭರ್ಜಿಯಲ್ಲಿ ಆಕ್ಟೋಪಸ್ ಹಿಡಿಯೋದು ಅಲ್ಲಿ ಹೆಚ್ಚಾಗಿ ಹೆಂಗಸರ ಕೆಲಸ. ಅಂದರೆ ಮುಚ್ಚಿದಾಗ ಮೊದಲು ನಿಂತುಹೋಗೋದು ಅವರ ಕೈಖರ್ಚು. ಆಕ್ಟೋಪಸ್ ಬೇಗ ಬೆಳೆಯುವ ಪ್ರಾಣಿ, ಹಾಗಾಗಿ ಕಾದದ್ದರ ಫಲ ಕೆಲವೇ ತಿಂಗಳಲ್ಲಿ ಕಣ್ಣಿಗೆ ಕಂಡಿತು. 2006ರಲ್ಲಿ ಅಕ್ಕಪಕ್ಕದ ಇಪ್ಪತ್ತಕ್ಕೂ ಹೆಚ್ಚು ಹಳ್ಳಿಗಳು ಸೇರಿ ವೆಲೊಂದ್ರಿಯಾಕೆ ಅಂತ ಒಂದು ಕೂಟ ಮಾಡಿಕೊಂಡವು. ದಂಡದ ನಿಯಮಗಳನ್ನು ತಮ್ಮ ಹಳೇ ಕಟ್ಟುಪಾಡಿನ ಪ್ರಕಾರ ತಾವೇ ಬರೆದುಕೊಂಡರು.

ನಮ್ಮ ಪಕ್ಕದ ಕಾಸರಗೋಡು, ಕಣ್ಣೂರು ಕಡೆಯ ಕಡಕ್ಕೋಡಿಯೂ ಅಂಥದ್ದೇ. ದೇವಸ್ಥಾನದ ಕಟ್ಟೆಯಲ್ಲಿ ಹಿರಿಯರು ಕೂತು ಬಲೆ, ಮೀನು, ದಡದ ವ್ಯಾಜ್ಯ ತೀರಿಸುವ ಸಮುದ್ರದ ಪಂಚಾಯ್ತಿ ಅದು. ಅಂಥ ಕಟ್ಟೆಗಳಲ್ಲಿ ಹೆಣ್ಣುಮಕ್ಕಳ ಮಾತು ಎಷ್ಟು ನಡೆಯುತ್ತೆ ಅನ್ನೋದು ಬೇರೆ ತಕರಾರು. ನಮ್ಮ ಸೊಸೈಟಿ ನೋಡಿದರೂ ನನಗೆ ಅದೇ ತಕರಾರಿದೆ.

ಉತ್ತರ ಕನ್ನಡ, ದಕ್ಷಿಣ ಕನ್ನಡದಲ್ಲಿ ರಾಂಪಣಿ ಬಲೆ ಇದ್ದ ಕಾಲ ಹಿರಿಯರಿಗೆ ಇನ್ನೂ ನೆನಪಿದೆ. ದಡದಿಂದ ಹತ್ತಾರು ಜನ ಸೇರಿ ಎಳೆಯುವ ದೊಡ್ಡ ಬಲೆ. ಬಂದ ಬಂಗುಡೆ, ಬೂತಾಯಿಯಲ್ಲಿ ಎಳೆದವರಿಗೆಲ್ಲ ಪಾಲು. 1970ರ ದಶಕದಲ್ಲಿ ಪರ್ಸೀನ್ ಬೋಟ್ ಬಂದು ಮೀನಿನ ಹಿಂಡನ್ನು ನಡುನೀರಲ್ಲೇ ಸುತ್ತುವರಿಯತೊಡಗಿತು. ದಡಕ್ಕೆ ಮೀನು ಬರೋದು ಕಮ್ಮಿಯಾಯಿತು, ರಾಂಪಣಿಯೂ ಹಿಂದೆ ಸರಿಯಿತು. ಅದರ ಜೊತೆ ಪಾಲು ಹಂಚುವ ಕಟ್ಟುಪಾಡೂ ಹೋಯಿತು. ಈಗ ‘ಸಮುದಾಯ ಯೋಜನೆ’ ಅಂತ ಬೋರ್ಡ್ ಹಾಕಿ ಕಟ್ಟುತ್ತಿರುವುದು ಎಷ್ಟೋ ಕಡೆ ಮೊದಲು ಇದ್ದದ್ದೇ.

ಇನ್ನು ನಮ್ಮ ಹಿನ್ನೀರಿನ ಮಾತು. ಸಣ್ಣ ಕಣ್ಣಿನ ಬಲೆ ಹಾಕಿದರೆ ಮರಿಮೀನು ಬಾಚಿ ಬರುತ್ತದೆ, ಮುಂದಿನ ವರ್ಷಕ್ಕೆ ಏನೂ ಉಳಿಯೋದಿಲ್ಲ. ಎರಡು ಬೆರಳು ತೂರದ ಬಲೆ ನೀರಿಗೆ ಇಳಿಸಬಾರದು ಅಂತ ಸೊಸೈಟಿಯಲ್ಲಿ ಮಾತಾಯಿತು. ನೋಡಿಕೊಳ್ಳುವ ಹೊಣೆ ಒಬ್ಬ ಹಿರಿಯರಿಗೆ ಬಂತು. ಹರಿಗೋಲು ದಡಕ್ಕೆ ಬಂದರೆ ಅವರು ಮಾತಾಡೋದಿಲ್ಲ, ಬಲೆಯ ಕಣ್ಣಲ್ಲಿ ಬೆರಳು ಹಾಕುತ್ತಾರೆ ಅಷ್ಟೇ. ಮೊದಲು ಸಿಕ್ಕಿಬಿದ್ದದ್ದು ಅವರ ತಮ್ಮನ ಮಗ.

‘ದೊಡ್ಡಪ್ಪಾ, ಊರಾಗ ನಂದೊಂದ ಬಲಿ ಕಾಣ್ತೇನು ನಿನಗ?’

‘ನಿಂದ ಬಿಟ್ಟು ಮಂದೀದು ಹೆಂಗ ಹಿಡೀಲೋ?’

ಬಲೆ ಸೊಸೈಟಿ ಕಟ್ಟೆ ಮೇಲೆ ಬಿತ್ತು, ದಂಡವೂ ಬಿತ್ತು. ರಶೀದಿ ಬರೆದದ್ದು ನಾನೇ. ಎರಡು ಮನೆಗಳ ನಡುವೆ ಬಹಳ ದಿನ ಮಾತಿರಲಿಲ್ಲ, ತಮ್ಮನ ಮನೆಯ ಒಂದು ಮದುವೆಗೂ ಆ ಹಿರಿಯರನ್ನು ಕರೆಯಲಿಲ್ಲ. ಆದರೆ ಆಮೇಲೆ ಸಣ್ಣ ಕಣ್ಣಿನ ಬಲೆ ಹೊರಗೆ ಬರೋದು ಕಡಿಮೆಯಾಯಿತು. ರಾತ್ರಿ ಕದ್ದು ಹಾಕುವವರು ಈಗಲೂ ಇದ್ದಾರೆ, ಸುಳ್ಳು ಯಾಕೆ ಹೇಳಲಿ.

ಡ್ಯಾಮಿನ ಕೆಳಗೆ ಮುದ್ಲಾಪುರದಿಂದ ಕಂಪ್ಲಿಯವರೆಗೆ 34 ಕಿಲೋಮೀಟರ್ ನದಿಯನ್ನು ಸರ್ಕಾರ 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಅಂತ ಘೋಷಿಸಿತು. ನೀರುನಾಯಿ ಬಲೆ ಹರಿದು ಮೀನು ತಿನ್ನುತ್ತದೆ, ಹಾಗಾಗಿ ಮೀನುಗಾರನಿಗೆ ಅದರ ಮೇಲೆ ಸಿಟ್ಟಿರೋದು ಸಹಜ. ಕಾಗದದ ಮೇಲೆ ಅರಣ್ಯ ಇಲಾಖೆ ಕಾಯುತ್ತಿದೆ. ಹರಿದ ಬಲೆ ಹೊಲಿಯುತ್ತಾ ಬೈದುಕೊಂಡು, ನೀರುನಾಯಿಯ ತಂಟೆಗೆ ಹೋಗದೆ ಇರುವವನೂ ಕಾಯುತ್ತಿದ್ದಾನೆ.

ನಿಮಗೆ ಕೆಲಸ ಇದೆಯಾ ಅಂದರೆ, ಇದೆ. ಇಂಥ ಸಂಸ್ಥೆಗಳಿಗೆ ಲೆಕ್ಕ ಬರೆಯುವವರು, ನಕ್ಷೆ ಮಾಡುವವರು, ಸಭೆಯ ನಡಾವಳಿ ಕನ್ನಡದಲ್ಲಿ ನೆಟ್ಟಗೆ ಬರೆಯುವವರು ಬೇಕು. ಈಜು ಬರಲೇಬೇಕು ಅಂತಿಲ್ಲ. ಸಮುದ್ರದ ಓದೇ ಬೇಕಾದರೆ ಕಾರವಾರದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸಾಗರ ಜೀವಶಾಸ್ತ್ರ ಸ್ನಾತಕೋತ್ತರ ವಿಭಾಗ ಇದೆ, ಡಿಗ್ರಿಯಲ್ಲಿ ಯಾವ ವಿಷಯ ಇರಬೇಕು ಅಂತ ಮೊದಲೇ ವಿಚಾರಿಸಿಕೊಳ್ಳಿ. ನಿಮ್ಮ ತಮ್ಮನೋ ತಂಗಿಯೋ ಪಿಯುಸಿಯಲ್ಲಿದ್ದರೆ ಮಂಗಳೂರಿನ ಮೀನುಗಾರಿಕಾ ಕಾಲೇಜಿನ ನಾಲ್ಕು ವರ್ಷದ ಕೋರ್ಸ್ ಬಗ್ಗೆ ಹೇಳಿ, ಸಿಇಟಿ ಮೂಲಕ ಸೀಟು ಸಿಗುತ್ತದೆ.

ಬಸ್ ಹತ್ತುವ ಮೊದಲು ಇಲ್ಲೇ ಒಂದು ಕೆಲಸ ಮಾಡಿ. ಮೀನುಗಾರರ ಸೊಸೈಟಿಗಳ ವಾರ್ಷಿಕ ಸಭೆ ಸೆಪ್ಟೆಂಬರ್ ಒಳಗೆ ನಡೆಯುತ್ತದೆ. ಅಧ್ಯಕ್ಷರನ್ನು ಒಂದು ಮಾತು ಕೇಳಿ, ಹಿಂದಿನ ಸಾಲಲ್ಲಿ ಕೂತುಕೊಳ್ಳಿ. ವರದಿ ಓದುವಾಗ ನಿದ್ದೆ ಬಂದರೂ ಪರವಾಗಿಲ್ಲ, ದಂಡದ ಬಾಕಿ ಓದೋಕೆ ಶುರು ಮಾಡಿದಾಗ ಮಾತ್ರ ಎದ್ದಿರಿ.